ಓದುಗರ ಸ್ಪಂದನ: 44ರಲ್ಲಿ ಬೆಟ್ಟದ ಗೈಡ್ ಆಗಬಹುದೇ?

ಬ್ಯಾಂಕ್ ಕೆಲಸ ಬಿಟ್ಟು ಹಿಮಾಲಯದಲ್ಲಿ ಚಾರಣದ ಗೈಡ್ ಆಗಬೇಕೆಂದಿರುವ 44ರ ಓದುಗರಿಗೆ ಬಂದ ಉತ್ತರಗಳು.

ರಾಜೀನಾಮೆಗೆ ಅವಸರ ಬೇಡ. ಉತ್ತರಕಾಶಿ, ಡಾರ್ಜಿಲಿಂಗ್, ಮನಾಲಿಯ ಪರ್ವತಾರೋಹಣ ಸಂಸ್ಥೆಗಳಲ್ಲಿ ಕೋರ್ಸಿಗೆ ವಯೋಮಿತಿ ಇದೆ. ನಿಮ್ಮ ವಯಸ್ಸಿಗೆ ಎಲ್ಲಿ ಅವಕಾಶವಿದೆ ಎಂದು ಮೊದಲು ವಿಚಾರಿಸಿ. ಬೇಸಿಕ್ ಕೋರ್ಸ್ ಸುಮಾರು ನಾಲ್ಕು ವಾರ. ಅದರಲ್ಲಿ ‘ಎ’ ಗ್ರೇಡ್ ಬಂದರಷ್ಟೇ ಮುಂದಿನ ಅಡ್ವಾನ್ಸ್ ಕೋರ್ಸಿಗೆ ಅವಕಾಶ. ವಯಸ್ಸು ಮೀರಿದ್ದರೆ ಹಗ್ಗ, ಹಿಮನದಿಯ ತಂಟೆಯಿಲ್ಲದ ಚಾರಣದ ದಾರಿಗಳಿಗೇ ನಿಮ್ಮ ಗುರಿ ಇರಲಿ. ಆಗಲೂ ವೈಲ್ಡರ್‌ನೆಸ್ ಫಸ್ಟ್ ರೆಸ್ಪಾಂಡರ್ (ಆಸ್ಪತ್ರೆ ದೂರವಿರುವ ಕಡೆ ಪ್ರಥಮ ಚಿಕಿತ್ಸೆ) ತರಬೇತಿ ಬೇಕೇ ಬೇಕು: 70–80 ಗಂಟೆ, ಕೆಲವು ವರ್ಷಕ್ಕೊಮ್ಮೆ ನವೀಕರಣ.
— ಶಿರಸಿ

ಗೈಡ್ ಕೆಲಸ ಎಂದರೆ ಶಿಖರ ಹತ್ತಿಸುವುದಕ್ಕಿಂತ ಹೆಚ್ಚಾಗಿ ಜನರನ್ನು ಹೊತ್ತಿಗೆ ಸರಿಯಾಗಿ ವಾಪಸ್ ತಿರುಗಿಸುವುದು. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು; ಮೂರು ನಾಲ್ಕು ದಿನಕ್ಕೊಮ್ಮೆ ಮೇಲೇರದೆ ಅಲ್ಲೇ ಒಂದು ದಿನ ತಂಗಬೇಕು. ಇಲ್ಲವಾದರೆ ಎತ್ತರದ ಕಾಯಿಲೆ ಬರಬಹುದು, ಅದರ ಮೊದಲ ಸೂಚನೆ ತಲೆನೋವು. ದುಡ್ಡು ಕಟ್ಟಿ ಬಂದವರು ಅದನ್ನು ಮುಚ್ಚಿಡುತ್ತಾರೆ. ಬಾಯಿಮಾತು ನಂಬಬೇಡಿ, ತಟ್ಟೆ ನೋಡಿ: ಊಟ ಹಾಗೇ ಉಳಿದಿದ್ದರೆ ಅನುಮಾನ ಪಡಿ. ನೆಲದ ಮೇಲೆ ಗೆರೆ ಎಳೆದು, ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಹೆಬ್ಬೆರಳು ತಾಗುವಂತೆ ಹತ್ತು ಹೆಜ್ಜೆ ನಡೆಸಿ. ತಲೆನೋವಿನ ಜೊತೆ ಹೆಜ್ಜೆಯೂ ತಪ್ಪುತ್ತಿದ್ದರೆ ಮೆದುಳಿನಲ್ಲಿ ಊತ ಶುರುವಾಗಿರಬಹುದು. ಬೆಳಗಾಗಲಿ ಎಂದು ಕಾಯಬೇಡಿ, ರಾತ್ರಿಯಾದರೂ ಇಳಿಸಿ, ಒಂಟಿಯಾಗಿ ಕಳಿಸಬೇಡಿ. ಆಕ್ಸಿಜನ್, ಮಾತ್ರೆ ಕೊಡಬಹುದು, ಆದರೆ ಅವು ಇಳಿಯುವುದಕ್ಕೆ ಬದಲಿಯಲ್ಲ.
— ಮಡಿಕೇರಿ

ಈ ವಯಸ್ಸಿಗೆ ಕೈಕೊಡುವುದು ಹೆಚ್ಚಾಗಿ ಮಂಡಿ, ಅದೂ ಇಳಿಜಾರಿನಲ್ಲಿ. ಇಳಿಯುವಾಗ ತೊಡೆಯ ಸ್ನಾಯು ಉದ್ದವಾಗುತ್ತಲೇ ಭಾರ ತಡೆಯಬೇಕು. ಟ್ರೆಡ್‌ಮಿಲ್ ಅದನ್ನು ಕಲಿಸುವುದಿಲ್ಲ. ಐದು ಕಿಲೋ ಚೀಲ ಹೊತ್ತು ಮೆಟ್ಟಿಲು ಇಳಿಯುವುದರಿಂದ ಶುರುಮಾಡಿ, ತಿಂಗಳುಗಳಲ್ಲಿ ಹನ್ನೆರಡಕ್ಕೆ ಏರಿಸಿ. ಕುಮಾರಪರ್ವತ ಹತ್ತಿ ಇಳಿದ ಮರುದಿನವೂ ಆರಾಮಾಗಿ ನಡೆಯುವಂತಾದರೆ ಬುನಾದಿ ಬಿದ್ದಂತೆ. ಇಳಿಯುವ ಮುಂಚೆ ಶೂ ಲೇಸನ್ನು ಕಣಕಾಲಿನ ಬಳಿ ಎರಡು ಸುತ್ತು ಸುತ್ತಿ ಬಿಗಿಯಿರಿ. ಇಲ್ಲವಾದರೆ ಪಾದ ಮುಂದೆ ಜಾರಿ ಹೆಬ್ಬೆರಳ ಉಗುರು ಶೂ ಮೂತಿಗೆ ಬಡಿದು ಕಪ್ಪಾಗುತ್ತದೆ. ಉಗುರು ಮೊದಲೇ ಕತ್ತರಿಸಿರಲಿ.
— ಸಕಲೇಶಪುರ

ದುಡ್ಡಿನ ಮಾತು. ಮೇ–ಜೂನ್, ಸೆಪ್ಟೆಂಬರ್–ಅಕ್ಟೋಬರ್ ಹಿಮಾಲಯದ ಮುಖ್ಯ ಸೀಸನ್. ಚಳಿಗಾಲದಲ್ಲಿ ಕೆಲವೇ ದಾರಿಗಳು. ನಮ್ಮ ಘಟ್ಟದ ಕಾಡುಗಳನ್ನು ಬೇಸಿಗೆಯಲ್ಲಿ ಬೆಂಕಿಯ ಭಯಕ್ಕೆ ಚಾರಣಿಗರಿಗೆ ಮುಚ್ಚುತ್ತಾರೆ. ವರ್ಷದ ಖರ್ಚು ಕೈಯಲ್ಲಿಟ್ಟುಕೊಂಡೇ ಹೊರಡಿ. ಕಂಪನಿಯ ಆರೋಗ್ಯ ವಿಮೆ ಕೆಲಸದ ಜೊತೆಗೇ ಹೋಗುತ್ತದೆ, ಬಿಡುವ ಮೊದಲೇ ಸ್ವಂತ ಪಾಲಿಸಿ ಮಾಡಿಸಿ. ಅಪಘಾತ ವಿಮೆಗಳಲ್ಲಿ ಎಷ್ಟೋ ಪರ್ವತಾರೋಹಣವನ್ನು ಹೊರಗಿಡುತ್ತವೆ. ಆ ಸಾಲು ಹುಡುಕಿ ಓದಿ, ಆಮೇಲೆ ಸಹಿ ಹಾಕಿ.
— ಮೈಸೂರು