1980ರಾಗೇ ರಾಕೆಟ್ ಹಾರ್ಸಿದ್ವಿ, ಅಗ್ನಿ-5ಕ್ಕ 2012ರ ತನಕ ಯಾಕ ಬೇಕಾಯ್ತು?

ಕಲಬುರಗಿ_ಪೋರ:
ನಮಸ್ಕಾರ್ರಿ ಎಲ್ಲಾರಿಗೂ. ನಿನ್ನಿ ಸೂಪರ್ ಮಾರ್ಕೆಟ್ ಕಡಿ ಚಾ ಕುಡ್ಕೋತ ನಿಂತಾಗ ದೋಸ್ತರ ನಡುವ ವಾದ ಬಿತ್ತು. ನಾ ಏನಂದೆ ಅಂದ್ರ ಮ್ಯಾಲ ಸ್ಯಾಟಲೈಟ್ ಇಟ್ರ ರಾಕೆಟ್ಟು, ಬಾಂಬ್ ಇಟ್ರ ಮಿಸೈಲು, ಎರಡೂ ಒಂದೇ. ಹಂಗಿದ್ರ 1980ರಾಗ ಎಸ್ಎಲ್‌ವಿ-3 ರಾಕೆಟ್ ಮ್ಯಾಲ ರೋಹಿಣಿ ಸ್ಯಾಟಲೈಟ್ ಕಳ್ಸಿದ ದೇಶ 5000 ಕಿ.ಮೀ. ಹೋಗೋ ಅಗ್ನಿ-5 ಮಿಸೈಲ್ ಟೆಸ್ಟ್ ಮಾಡ್ಲಿಕ್ಕ 2012ರ ತನಕ ಯಾಕ ಕಾಯ್ತು? ಒಬ್ಬ ಅಮೇರಿಕಾ ತಡೀತು ಅಂತಾನ, ಇನ್ನೊಬ್ಬ ರೊಕ್ಕ ಇರ್ಲಿಲ್ಲ ಅಂತಾನ. ಗೊತ್ತಿದ್ದೋರು ಹೇಳ್ರಿ, ವಾಟ್ಸಾಪ್ ಫಾರ್ವರ್ಡ್ ಮಾತ್ರ ಬ್ಯಾಡ್ರಿ.

ಬೀದರ್_ಕೋಟಿ:
ತಮ್ಮಾ, ಮ್ಯಾಲ ಹೋಗೋತನ ನಿನ್ ಮಾತು ಖರೇ ಅದ. 1989ರ ಮೇ 22ಕ್ಕ ಒಡಿಶಾದ ಚಾಂದೀಪುರದಿಂದ ಹಾರಿದ ಮೊದಲ್ನೇ ಅಗ್ನಿಯ ಕೆಳಗಿನ ಹಂತ ಎಸ್ಎಲ್‌ವಿ-3ರ ಮೋಟರೇ. ಆದ್ರ ಸ್ಯಾಟಲೈಟ್ ಅಲ್ಲೇ ಸುತ್ಕೋತ ಇರ್ತದ, ಸಿಡಿತಲೆ (ಮಿಸೈಲಿನ ಬಾಂಬ್ ಇರೋ ಭಾಗ) ತಿರುಗಿ ವಾತಾವರಣದಾಗ ಇಳೀಬೇಕು, ಸೆಕೆಂಡಿಗೆ ಕಿಲೋಮೀಟರ್‌ಗಟ್ಟಲೆ ಸ್ಪೀಡಿನಾಗ, ಮೂಗಿನ ಹತ್ರ 3000 ಡಿಗ್ರಿ ಸುತ್ತಮುತ್ತ ಕಾವು, ಒಳಗಿನ ಎಲೆಕ್ಟ್ರಾನಿಕ್ಸಿಗೆ ಏನೂ ಆಗ್ಬಾರ್ದು. ಅದಕ್ಕ ಕಾರ್ಬನ್-ಕಾರ್ಬನ್ ಅಂತ ಮಟೀರಿಯಲ್ ಬೇಕು. 1987ರಾಗ ಏಳು ಶ್ರೀಮಂತ ದೇಶ ಸೇರಿ ಎಂಟಿಸಿಆರ್ ಅಂತ ಕಟ್ಕೊಂಡು ಇಂಥಾವೆಲ್ಲ ಹೊರಗ ಮಾರ್ಬಾರ್ದು ಅಂದ್ಬಿಟ್ವು, ಹಿಂಗಾಗಿ ನಮ್ಮೋರು ಇಲ್ಲೇ ಮಾಡ್ಕೋಬೇಕಾಯ್ತು. (ನಮ್ ಕಡಿ ಮಂದಿ ದವಾಖಾನಿಗಂತ ಹೋಗೋ ಹೈದರಾಬಾದಿನ ನಿಮ್ಸ್ ಅದಲ್ಲ, ಅಲ್ಲಿ ಪೋಲಿಯೋ ಆದ ಮಕ್ಕಳಿಗೆ ಮಿಸೈಲ್ ಲ್ಯಾಬಿನ ಹಗುರ ಮಟೀರಿಯಲ್ನಿಂದ್ಲೇ ಕ್ಯಾಲಿಪರ್ (ಕಾಲಿಗೆ ಕಟ್ಟೋ ಆಸರೆ) ಮಾಡ್ಕೊಟ್ರು, ಮೂರು ಕೆ.ಜಿ. ಇದ್ದಿದ್ದು 300 ಗ್ರಾಂಗೆ ಬಂತು. ಕಲಾಂ ಸಾಹೇಬ್ರು ಇದನ್ನ ಭಾಳ ಖುಷಿಲೆ ಹೇಳ್ತಿದ್ರು.)

ಯಾದಗಿರಿ_ಮಾಸ್ತರ:
ಕೋಟಿಯವ್ರು ಹೇಳಿದ್ದು ಬರಾಬರ್ ಅದ, ಆದ್ರ ತಡ ಆಗ್ಲಿಕ್ಕ ದಿಲ್ಲಿನೂ ಕಾರಣ. 1989ರ ಅಗ್ನಿ ಅಸ್ತ್ರನೇ ಅಲ್ರಿ, ಸರ್ಕಾರನೇ ಅದನ್ನ ಬರೇ ತಂತ್ರಜ್ಞಾನ ತೋರ್ಸೋ ಟೆಸ್ಟು ಅಂತಿತ್ತು. ಮ್ಯಾಲಿನ ಹಂತ ಪೃಥ್ವಿ ಅನ್ನೋ ಸಣ್ಣ ಮಿಸೈಲಿಂದು, ದ್ರವ ಇಂಧನ. ಪೃಥ್ವಿ ಎಂಜಿನ್ನಿನ ಮೂಲ ಹುಡುಕ್ಕೋತ ಹೋದ್ರ 70ರ ದಶಕದಾಗ ರಷ್ಯಾದ ಎಸ್ಎ-2 ಮಿಸೈಲ್ ಬಿಚ್ಚಿ ನೋಡಿ ಕಲ್ತ 'ಡೆವಿಲ್' ಪ್ರಾಜೆಕ್ಟ್ ಸಿಗ್ತದ. ಆ ಇಂಧನದಾಗ ಆಸಿಡ್ ಇರ್ತದ, ತುಂಬೋದೂ ಇಳ್ಸೋದೂ ದೊಡ್ಡ ಜೋಖಿಮ್, ಯುದ್ಧದಾಗ ಅಷ್ಟೊತ್ತು ಯಾರ್ ಕಾಯ್ತಾರ? 1992ರ ಟೆಸ್ಟ್ ಫೇಲು, 1994ಕ್ಕ ಪಾಸು. ಪಾಸಾದ್ಮ್ಯಾಲ ಮುಂದ್ವರಿಸ್ಬೇಕಿತ್ತೋ ಇಲ್ಲೋ? ಕಪಾಟಿನಾಗಿಟ್ಟು ಕೀಲಿ ಹಾಕಿದ್ರು! ಪೋಖ್ರಾನ್ ಆದ ಮರುವರ್ಷ, 1999ರ ಏಪ್ರಿಲ್‌ಕ್ಕ ಅಗ್ನಿ-2 ಬಂತು, ಎರಡೂ ಹಂತ ಘನ ಇಂಧನ, ಬಿಡೋ ಹೊತ್ತಿಗೆ ತುಂಬೋ ತ್ರಾಸಿಲ್ಲ. ಅಂದ್ರ ಐದು ವರ್ಷ ಸುಮ್ನ ಹೋದ್ವು. ಅಮೇರಿಕಾ ಒತ್ತಡ ಇತ್ತು ಖರೆ, ಹೂಂ ಅಂದೋರು ನಮ್ಮೋರೇ.

ಸೇಡಂ_ಶಹಾಬಾದಿ:
ಎಲ್ಲಾ ಅಮೇರಿಕಾ ಮ್ಯಾಲ, ದಿಲ್ಲಿ ಮ್ಯಾಲ ಹಾಕ್ಬ್ಯಾಡ್ರಪಾ. 1983ರಾಗ ಪೃಥ್ವಿ, ಅಗ್ನಿ, ತ್ರಿಶೂಲ್, ಆಕಾಶ್, ನಾಗ್ ಅಂತ ಐದೂ ಒಮ್ಮೆಲೇ ಶುರು ಮಾಡಿದ್ರಲ್ಲ, ತ್ರಿಶೂಲ್ ಏನಾಯ್ತು? ಕೈಬಿಟ್ರು. ಅಗ್ನಿ-3 2006ರ ಮೊದಲ್ನೇ ಟೆಸ್ಟಿನಾಗ ಸಮುದ್ರಕ್ಕ ಬಿತ್ತು, ಮುಂದಿನ ವರ್ಷ ಸರಿ ಹೋಯ್ತು. ಕೆಲಸನೇ ಕಠಿಣ ಅದ, ಒಪ್ಕೊಳ್ರಿ.

ಯಾದಗಿರಿ_ಮಾಸ್ತರ:
ಕಠಿಣ ಇಲ್ಲ ಅಂತ ಯಾರಂದ್ರು? ಪೃಥ್ವಿ-1ರ ರೇಂಜ್ 150 ಕಿ.ಮೀ. ನೋಡ್ರಿ. ಹೈದರಾಬಾದಿನಿಂದ ಬಿಟ್ರ ಬೀದರಿಗೆ ಮುಟ್ತದ, ಕಲಬುರಗಿಗೆ ಮುಟ್ಟಂಗಿಲ್ಲ. ಕೋಟಿಯವ್ರು ಹುಷಾರಿರ್ರಿ 😄

ಕಲಬುರಗಿ_ಪೋರ:
ಹಹಹ. ಅಂದ್ರ ಇಳಿಯೋದು, ಘನ ಇಂಧನ, ದಿಲ್ಲಿ ಮನಸ್ಸು, ಮೂರೂ ಕೂಡಿ ತಡ ಆಯ್ತು. ಇನ್ನೊಂದು ಡೌಟ್ ಅದ ಅಣ್ಣಾ, 2012ಕ್ಕೇ ಹಾರಿದ್ರ ಮತ್ತ ಮತ್ತ ಯಾಕ ಟೆಸ್ಟ್ ಮಾಡ್ತಾರ?

ಬೀದರ್_ಕೋಟಿ:
ಒಮ್ಮಿ ಹಾರಿದ್ರ ಮುಗೀತು ಅಂತಲ್ಲ ತಮ್ಮಾ. ಅಗ್ನಿ-5 ಸುಮಾರು 50 ಟನ್ ತೂಕದ್ದು, ಬೇಕಾದ ಜಾಗಕ್ಕ ಒಯ್ದು ತಡ ಮಾಡ್ದಂಗ ಬಿಡ್ಬೇಕಂದ್ರ ಮುಚ್ಚಿದ ಕೊಳವಿಯೊಳಗೇ ಇಟ್ಟು ಲಾರಿ ಮ್ಯಾಲ ತಗೊಂಡೋಗಿ ಅಲ್ಲಿಂದ್ಲೇ ಹಾರ್ಸೋದು ಬೇಕು. ಅದನ್ನ 2015ರ ಜನವರಿಯಾಗ ಮಾಡಿ ತೋರ್ಸಿದ್ರು. ಒಂದೇ ಮಿಸೈಲಿನಿಂದ ಬ್ಯಾರೆ ಬ್ಯಾರೆ ಗುರಿಗೆ ಸಿಡಿತಲೆ ಬಿಡೋ ಟೆಸ್ಟ್ ಆಗಿದ್ದು 2024ರ ಮಾರ್ಚ್ 11ಕ್ಕ. ಒಂದೊಂದು ಟೆಸ್ಟ್‌ನಾಗ ನೋಡೋದು ಒಂದೊಂದು ಬ್ಯಾರೆನೇ ಇರ್ತದ.