ಅಣ್ಣನ ಜಾಮೀನು ಪತ್ರ ಮೂರು ಸಲ ಮರೆತೆ. ಇದು ಬರೀ ಮರೆವಾ?

ಪ್ರಶ್ನೆ:
ಅಣ್ಣ ಸಾಲ ತೆಗೆಯುತ್ತಿದ್ದಾನೆ. ಜಾಮೀನಿಗೆ ನನ್ನ ಸಹಿ ಬೇಕು. ಕೇಳಿದ ತಕ್ಷಣ "ಅದಕ್ಕೇನಣ್ಣ, ಹಾಕ್ತೀನಿ" ಅಂದೆ. ಮನಸಾರೆ ಅಂದೆ ಅಂತಲೇ ಈಗಲೂ ಅನಿಸುತ್ತದೆ. ಆದರೆ ಮೊದಲ ಸಲ ಪತ್ರವನ್ನು ಮನೆಯಲ್ಲೇ ಬಿಟ್ಟು ಹೋದೆ. ಎರಡನೇ ಸಲ ಪತ್ರ ಇತ್ತು, ಗುರುತಿನ ಚೀಟಿ ಇರಲಿಲ್ಲ. ಮೂರನೇ ಸಲ ಹೋಗುವುದೇ ಮರೆತುಹೋಯಿತು. ಸಂಜೆ ಅತ್ತಿಗೆ ಫೋನ್ ಮಾಡಿದಾಗ ಎದೆ ಧಸಕ್ಕೆಂದಿತು.

ಮನೋವಿಶ್ಲೇಷಣೆ ಶುರುಮಾಡಿದ ವೈದ್ಯ ಫ್ರಾಯ್ಡ್ 1901ರಲ್ಲಿ ದಿನನಿತ್ಯದ ಮರೆವು, ಬಾಯ್ತಪ್ಪುಗಳ ಬಗ್ಗೆ ಬರೆದದ್ದನ್ನು ಓದುತ್ತಿದ್ದೇನೆ. ಅವರು ಬ್ಲಾಟಿಂಗ್ ಪೇಪರ್ ತರಬೇಕೆಂದುಕೊಂಡು ನಾಲ್ಕು ದಿನ ಮರೆತರಂತೆ. ಆ ಕಾಗದಕ್ಕೆ ಅವರು ಮಾತಿನಲ್ಲಿ ಬಳಸುತ್ತಿದ್ದ ಜರ್ಮನ್ ಹೆಸರು 'ಫ್ಲೀಸ್' ಅಂತ ಶುರುವಾಗುತ್ತದೆ. ಫ್ಲೀಸ್ ಅಂದರೆ ಅವರ ಬರ್ಲಿನ್ ಗೆಳೆಯನ ಹೆಸರು. ಆ ದಿನಗಳಲ್ಲಿ ಆ ಗೆಳೆಯನ ವಿಷಯ ಅವರ ಮನಸ್ಸನ್ನು ಕೊರೆಯುತ್ತಿತ್ತು.

ನನ್ನದೂ ಹಾಗೇನಾ? ಒಳಮನಸ್ಸು ಮಾಡಿದ ಕೆಲಸವಾದರೆ ತಪ್ಪು ಯಾರದ್ದು?

ಮೊದಲ ಉತ್ತರ:
ಒಂದು ಚಿಕ್ಕ ವ್ಯತ್ಯಾಸ ಗಮನಿಸಿ. ಅತ್ತಿಗೆ ಹೇಳಿದ ತಕ್ಷಣ ಪತ್ರ ನೆನಪಾಯಿತು, ಅಲ್ವಾ? ಹಾಗೆ ಕರೆದರೆ ಬರುವ ನೆನಪನ್ನು ಫ್ರಾಯ್ಡ್ ಅಚೇತನ ಅನ್ನುವುದಿಲ್ಲ. ಅದು ಹೊಸ್ತಿಲಲ್ಲೇ ನಿಂತಿರುತ್ತದೆ. ಅಚೇತನ ಅಂದರೆ ಕರೆದರೂ ಬಾರದ್ದು, ಬರದಂತೆ ಒಳಗಿನಿಂದಲೇ ತಡೆ ಇರುವಂಥದ್ದು. ನಿಮ್ಮಲ್ಲಿ ಹಾಗೇನಾದರೂ ಇದ್ದರೆ ಅದು ಪತ್ರವಲ್ಲ, ಸಹಿ ಬೇಡ ಅನ್ನುವ ಆಸೆ.

1923ರಲ್ಲಿ ಅವರು ಮನಸ್ಸಿನ ಮೂರು ಭಾಗಗಳೆಂದು ಹೇಳಿದ ಇಡ್ (ಬರೀ ಆಸೆ), ಈಗೋ (ತೂಗಿ ನೋಡುವ ಭಾಗ), ಸೂಪರ್ ಈಗೋ (ಹೀಗಿರಬೇಕು ಅನ್ನುವ ಭಾಗ) ಕೂಡ ಕೇಳುವಷ್ಟು ದೊಡ್ಡ ಪದಗಳಲ್ಲ. ಜರ್ಮನ್‌ನಲ್ಲಿ ಅವು 'ಅದು', 'ನಾನು', 'ಮೇಲಿನ ನಾನು' ಅಷ್ಟೇ. ಲ್ಯಾಟಿನ್ ವೇಷ ಬಂದದ್ದು ಇಂಗ್ಲಿಷ್ ಅನುವಾದದಲ್ಲಿ. "ತಮ್ಮನಾದವನು ಇಲ್ಲ ಅನ್ನಬಾರದು" ಅಂದದ್ದು ನಿಮ್ಮ ಮೇಲಿನ ನಾನು ಇರಬಹುದು. "ಹಾಕ್ತೀನಿ" ಅನ್ನುವ ಮಾತು ಅಷ್ಟು ಬೇಗ ಬಾಯಿಗೆ ಬಂತಲ್ಲ, ನನಗೆ ಮರೆವಿಗಿಂತ ಅದೇ ಜಾಸ್ತಿ ಕುತೂಹಲ.

ಎರಡನೇ ಉತ್ತರ:
ನಾನು ಇಷ್ಟು ಬೇಗ ಒಪ್ಪುವುದಿಲ್ಲ. ಮರೆತರೆ "ನಿಮಗೆ ಇಷ್ಟವಿರಲಿಲ್ಲ" ಅನ್ನಬಹುದು. ನೆನಪಿಟ್ಟು ಹೋಗಿದ್ದರೆ "ಇಷ್ಟವಿಲ್ಲದ್ದನ್ನು ಮುಚ್ಚಲು ಹೋದಿರಿ" ಅನ್ನಬಹುದು. ಏನಾದರೂ ಸರಿಹೋಗುವ ವಿವರಣೆಯನ್ನು ಪರೀಕ್ಷಿಸುವುದು ಹೇಗೆ? ಫ್ರಾಯ್ಡ್ ಬಗ್ಗೆ ತತ್ವಜ್ಞಾನಿ ಕಾರ್ಲ್ ಪಾಪರ್ ಎತ್ತಿದ ಆಕ್ಷೇಪ ಇದೇ. ಮುಂದೆ ಮಾಡಬೇಕಾದ ಕೆಲಸ ನೆನಪಾಗಲು ಯಾವುದಾದರೂ ಗುರುತು ಕಣ್ಣಿಗೆ ಬೀಳಬೇಕು. ಪತ್ರ ಬ್ಯಾಗಿನ ಒಳಗಿದ್ದರೆ ಯಾರಿಗಾದರೂ ಮರೆಯುತ್ತದೆ. ಅದೇ ವಾರ ಬೇರೆ ಏನೇನು ಮರೆತಿರಿ, ಮೊದಲು ನೋಡಿ.

ಕೇಳಿದವರು:
ನೋಡಿದೆ. ಬೇರೆ ಏನೂ ಮರೆತಿಲ್ಲ. ಮಗಳ ಔಷಧಿ ತಂದಿದ್ದೇನೆ, ಆಫೀಸಿನ ಎರಡು ವರದಿ ಕೊಟ್ಟಿದ್ದೇನೆ. ಇದರಿಂದ ಏನೂ ಸಾಬೀತಾಗುವುದಿಲ್ಲ, ಗೊತ್ತು.

ಆದರೆ ಮೊದಲ ಉತ್ತರ ಓದಿ ಬಹಳ ಹೊತ್ತು ಸುಮ್ನೆ ಕೂತೆ. ಆರು ವರ್ಷದ ಹಿಂದೆ ಅಣ್ಣನಿಗೆ ದುಡ್ಡು ಕೊಟ್ಟಿದ್ದೆ. ವಾಪಸ್ ಬರಲಿಲ್ಲ. ಅವನು ಆ ಮಾತೇ ಎತ್ತಲಿಲ್ಲ. ಹೆಂಡತಿ ಕೇಳಿದಾಗಲೆಲ್ಲ "ಹೋಗಲಿ ಬಿಡು, ನನಗೇನೂ ಬೇಜಾರಿಲ್ಲ" ಅಂದಿದ್ದೇನೆ. ಅದನ್ನು ಇಲ್ಲಿ ಟೈಪ್ ಮಾಡುವಾಗ ಕೈ ನಡುಗಿತು. ಆದರೆ ಈ ವಿಷಯ ನನಗೆ ಗೊತ್ತೇ ಇತ್ತಲ್ಲ? ಹಾಗಾದರೆ ಇದು ಅಚೇತನ ಹೇಗಾಗುತ್ತದೆ?

ಮೂರನೇ ಉತ್ತರ:
ದುಡ್ಡಿನ ಸಂಗತಿ ಗೊತ್ತಿತ್ತು. ಕೋಪ ಗೊತ್ತಿರಲಿಲ್ಲ. ಘಟನೆ ನೆನಪಿನಲ್ಲೇ ಉಳಿದು, ಅದರ ಜೊತೆಗಿದ್ದ ಭಾವನೆ ಮಾತ್ರ ಬೇರೆಯಾಗಿ ಒಳಗೆ ಸೇರುವುದೂ ಉಂಟು. ಫ್ರಾಯ್ಡ್ ಮಗಳು ಆನಾ 1936ರ ಪುಸ್ತಕದಲ್ಲಿ ಮನಸ್ಸಿನ ಇಂಥ ರಕ್ಷಣೆಗಳನ್ನು ಒಟ್ಟುಗೂಡಿಸಿ ವಿವರಿಸಿದ್ದಾರೆ.

ತಪ್ಪು ಯಾರದ್ದು ಅಂದಿರಿ. ಕನಸಿನ ಕೆಟ್ಟ ಆಸೆಗಳಿಗೂ ನಾವೇ ಹೊಣೆ ಅಂತ ಫ್ರಾಯ್ಡ್ 1925ರಲ್ಲಿ ಬರೆದರು. ಅವು ನಮ್ಮವಲ್ಲದೆ ಇನ್ನಾರವು? ಹೊಣೆ ಅಂದರೆ ಶಿಕ್ಷೆ ಅಂತಲ್ಲ. "ಇದೂ ನಾನೇ" ಅಂತ ಒಪ್ಪುವುದು.

ಕೇಳಿದವರು:
ಪತ್ರ ಈಗ ಮೇಜಿನ ಮೇಲಿದೆ, ಸಹಿ ಹಾಕಿಲ್ಲ. ನಾಳೆ ಅಣ್ಣನ ಮನೆಗೇ ಹೋಗುತ್ತೇನೆ. ಮೊದಲು ಹಳೇ ದುಡ್ಡಿನ ಮಾತು, ಆಮೇಲೆ ಜಾಮೀನು.