ಆರೋಗ್ಯ ನೀತಿಯ ಸಂವಹನದಲ್ಲಿ ಕೆಲಸ: ಶಿರಸಿ ಕಡೆಯಿಂದ ತಯಾರಿ ಹೇಗೆ?

ಪ್ರಶ್ನೆ (ಶಿರಸಿ): ಪತ್ರಿಕೋದ್ಯಮದಲ್ಲಿ ಪದವಿ ಆಗಿದೆ. ಸಾರ್ವಜನಿಕ ಆರೋಗ್ಯ ನೀತಿಯ ಸಂವಹನಕ್ಕೆ ಹೋಗಬೇಕು. ಎಂಪಿಎಚ್ (ಸಾರ್ವಜನಿಕ ಆರೋಗ್ಯದ ಸ್ನಾತಕೋತ್ತರ ಪದವಿ) ಬೇಕೇ ಬೇಕಾ? ಏನು ಕಲಿಯಬೇಕು?

ಉತ್ತರ (ಸಿದ್ದಾಪುರ): ಎಂಪಿಎಚ್ ಎರಡು ವರ್ಷದ ಕೋರ್ಸು, ಮಾಡಿದರೆ ಒಳ್ಳೆಯದು, ಆದರೆ ಮೊದಲು ಒಂದು ಕಾಯಿಲೆಯನ್ನು ಆಳವಾಗಿ ಓದಿ. ನಮ್ಮಲ್ಲಿ ಅದು ಮಂಗನ ಕಾಯಿಲೆ, ಮಂಗಗಳಿಗೂ ಜನರಿಗೂ ತಗಲುವ ವೈರಸ್ ಜ್ವರ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದದ್ದು, ಹರಡುವುದು ರಕ್ತ ಹೀರುವ ಉಣ್ಣೆ ಹುಳದಿಂದ (ಉಣುಗು). "ಕಾಡಿಗೆ ಹೋಗಬೇಡಿ" ಎಂಬ ಭಿತ್ತಿಪತ್ರ ಇಲ್ಲಿ ಸೋಲುತ್ತದೆ. ಅಡಿಕೆ ತೋಟಕ್ಕೆ ಸೊಪ್ಪಿನ ಬೆಟ್ಟದಿಂದ (ತೋಟಕ್ಕೆ ಸೊಪ್ಪು ತರುವ ಕಾಡು) ದರಕು, ಅಂದರೆ ಒಣಗಿದ ಎಲೆ, ತರಲೇಬೇಕು, ಆ ಕೆಲಸ ಬೇಸಿಗೆಯಲ್ಲೇ, ಮರಿ ಉಣ್ಣೆ ಹೆಚ್ಚಿರುವುದೂ ಆಗಲೇ. ಹಾಗಾಗಿ ಸಂದೇಶ ಹೀಗಿರಲಿ: ಹೋಗುವ ಮುನ್ನ ಕೈಕಾಲಿಗೆ ಡೇಪಾ ಎಣ್ಣೆ (ಉಣ್ಣೆ ಹತ್ತದಂತೆ ತಡೆಯುವ ಎಣ್ಣೆ), ಬಂದ ತಕ್ಷಣ ಬಿಸಿನೀರ ಸ್ನಾನ, ಬಟ್ಟೆಯನ್ನೂ ಬಿಸಿನೀರಲ್ಲಿ ಒಗೆಯುವುದು. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಕೇಂದ್ರಕ್ಕೆ ತಿಳಿಸುವುದು. ಇದೆಲ್ಲ ನವೆಂಬರ್ ಒಳಗೇ ಮನೆ ತಲುಪಬೇಕು. ಜನವರಿಯಲ್ಲಿ ಮೈಕ್ ಕಟ್ಟಿದರೆ ತಡವಾಯಿತು.

ಉತ್ತರ (ಕಾರವಾರ): ಮೇಲಿನದ್ದು ಜನರಿಗೆ ಹೇಳುವ ಭಾಗ. ನೀತಿಯ ಭಾಗ ಅಧಿಕಾರಿಗೆ ಬರೆಯುವುದು. ಒಂದೇ ಪುಟ: ಯಾವ ತೀರ್ಮಾನ ಬೇಕು, ಖರ್ಚೆಷ್ಟು, ಹೊಣೆ ಯಾರದು, ಯಾವ ದಿನಾಂಕದೊಳಗೆ. ಹಿನ್ನೆಲೆಯಿಂದ ಶುರುಮಾಡಿದರೆ ಯಾರೂ ಕೊನೆಯವರೆಗೆ ಓದುವುದಿಲ್ಲ. ಆರ್ಥಿಕ ವರ್ಷ ಏಪ್ರಿಲ್‌ಗೆ ಶುರು, ಬೇಡಿಕೆ ಅದಕ್ಕೂ ತಿಂಗಳುಗಳ ಮೊದಲೇ ಹೋಗಬೇಕು.

ಕರಪತ್ರ ಮುದ್ರಿಸುವ ಮುಂಚೆ ಎಂಟು-ಹತ್ತು ಜನರಿಗೆ ತೋರಿಸಿ, "ಅರ್ಥವಾಯಿತಾ?" ಎನ್ನಬೇಡಿ, ಎಲ್ಲರೂ ಹೂಂ ಎನ್ನುತ್ತಾರೆ. "ನಾಳೆ ಏನು ಮಾಡ್ತೀರಿ?" ಎಂದು ಕೇಳಿ. ಕರಾವಳಿಗೆ ಕೊಂಕಣಿ ಧ್ವನಿಮುದ್ರಿಕೆಯೂ ಬೇಕು.

ಉತ್ತರ (ಕುಮಟಾ): ರಾಷ್ಟ್ರೀಯ ಆರೋಗ್ಯ ಅಭಿಯಾನದ ಗುತ್ತಿಗೆ ಹುದ್ದೆಗಳ ಪ್ರಕಟಣೆ ನೋಡುತ್ತಿರಿ. ಅರ್ಜಿಯ ಜೊತೆ ಎಷ್ಟು ಕರಪತ್ರ ಹಂಚಿದಿರಿ ಎಂದು ಬರೆಯಬೇಡಿ. ಕೊಟ್ಟ ಎಣ್ಣೆ ಬಾಟಲಿಗಳಲ್ಲಿ ಎಷ್ಟರ ಮುಚ್ಚಳ ತೆರೆದಿತ್ತು ಎಂಬ ಲೆಕ್ಕ ತೋರಿಸಿ.